ಕ್ರಿಸ್‌ಮಸ್ ರಾತ್ರಿಯ ಹೌಸಿ

ಮಂಗಳೂರಿನ ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಊಟ ಮುಗಿಯಿತೆಂದರೆ ಹೌಸಿ ಶುರು, ಅಂದರೆ ಕೂಗಿದ ಅಂಕಿಯನ್ನು ಟಿಕೆಟ್‌ನಲ್ಲಿ ಗುರುತು ಹಾಕುವ ಆಟ. ನಡುವೆ ಕ್ರಿಸ್‌ಮಸ್ ತಿಂಡಿ ಕುಸ್ವಾರಿನ ತಟ್ಟೆ, ಸುತ್ತ ನಾವು 14 ಜನ. ಗುರುತು ಹಾಕಲು ಪೆನ್ನು ಬೇಡ, ಹುಣಸೆ ಬೀಜ ಸಾಕು. ಅದೇ ಟಿಕೆಟ್‌ನಲ್ಲಿ ಮತ್ತೆ ಆಡಬಹುದು ಅಲ್ವಾ?

ಈ ಸಲ ಅಂಕಿ ಕೂಗಿದ್ದು ಅಜ್ಜಿ. ಚೀಲಕ್ಕೆ ಕೈ ಹಾಕಿ, ಬಿಲ್ಲೆ ತೆಗೆದು, ಕನ್ನಡಕ ಸರಿಮಾಡಿಕೊಂಡು ಓದುವಷ್ಟರಲ್ಲಿ ಮಕ್ಕಳಿಗೆ ತಡೆಯಲಾಗದ ಚಡಪಡಿಕೆ. ಒಟ್ಟು 90 ಅಂಕಿ, ಟಿಕೆಟ್‌ನಲ್ಲಿ 15. ಇಲ್ಲಿ ಯಾರ ಜಾಣತನವೂ ನಡೆಯುವುದಿಲ್ಲ. ಅದಕ್ಕೇ ನನಗೆ ಈ ಆಟ ಜಾಸ್ತಿ ಇಷ್ಟ. ಆರು ವರ್ಷದ ಪುಟ್ಟಿಯೂ ದೊಡ್ಡ ಮಾವನೂ ಇದರಲ್ಲಿ ಒಂದೇ. ಟಿಕೆಟ್‌ನ ಎಲ್ಲ ಅಂಕಿಗೂ ಬೀಜ ಇಟ್ಟು ಫುಲ್ ಹೌಸ್ ಹೊಡೆದದ್ದು ಪುಟ್ಟಿಯೇ!

ಇಟಲಿಯ ನೇಪಲ್ಸ್‌ನಲ್ಲೂ ಕ್ರಿಸ್‌ಮಸ್‌ಗೆ ಮನೆಮಂದಿ ಹೀಗೇ ಕೂತು ಇಂಥದೇ ಆಟ ತೊಂಬೋಲಾ ಆಡುತ್ತಾರೆ. ಅಲ್ಲಿ ಪ್ರತಿ ಅಂಕಿಗೂ ಒಂದು ಅರ್ಥ. 22 ಅಂದರೆ ಹುಚ್ಚ, 90 ಅಂದರೆ ಭಯ. ನಮ್ಮ ಮನೆಯ ಅಂಕಿಗಳಿಗೂ ಹೆಸರಿಡಬೇಕು ಅಂತ ಆಸೆ.

ಒಂದಕ್ಕೆ ಆಗಲೇ ಇದೆ. 64 ಬಂದಾಗ ಅಜ್ಜಿ ಬಿಲ್ಲೆಯನ್ನು ಕೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ಸುಮ್ಮನಾದರು. ಅಜ್ಜನ ಜೊತೆ ಮದುವೆಯಾದ ವರ್ಷ ಅದು. ಮಕ್ಕಳೂ ಅವಸರ ಮಾಡಲಿಲ್ಲ.