ಬೆಕ್ಕವ್ವ ಬಾಯಿ ಬಿಟ್ಟ ದಿನ

ನಾಯಿಯ ಬಾಯಲ್ಲಿ ಮಾತು ಆಡಿಸಬೇಕೆಂದರೆ ಮೊದಲು ಅದರ ಕಿವಿ ಆಡಿಸಬೇಕು, ಬಾಯಿ ಆಮೇಲೆ. ಮೇ ತಿಂಗಳ ರಜೆಯಲ್ಲಿ ಧಾರವಾಡದ ಮಾಳಮಡ್ಡಿಯ ಒಂದು ಮನೆಯ ಪಡಸಾಲೆಯಲ್ಲಿ ಓಣಿಯ ಹುಡುಗರನ್ನು ಕೂಡಿಸಿಕೊಂಡು, ಕಾಗದದ ಗೊಂಬೆಗಳನ್ನು ಚೂರುಚೂರೇ ಸರಿಸಿ, ಪ್ರತಿ ಸಲ ಒಂದು ಫೋಟೊ ತೆಗೆದು ಜೋಡಿಸುತ್ತ, ಬೆಳಗಿನಿಂದ ಸಂಜೆಯೊಳಗೆ 20 ಸೆಕೆಂಡಿನ ಅನಿಮೇಶನ್ ಚಿತ್ರ ಮುಗಿಸುವ ಕೆಲಸಕ್ಕೆ ಕೂತಾಗ ನಾವು ಬಿಡದೆ ಹಿಡಿದುಕೊಂಡ ಮಾತು ಇದೊಂದೇ.

ಮಕ್ಕಳ ತಲೆಯಲ್ಲಿ ಇದ್ದದ್ದು ‘ದ ಸೀಕ್ರೆಟ್ ಲೈಫ್ ಆಫ್ ಪೆಟ್ಸ್’. ಇಲ್ಯೂಮಿನೇಶನ್ ಸಂಸ್ಥೆಯ ಈ ಚಿತ್ರ 2016ರಲ್ಲಿ ಬಂತು, ಎರಡನೆಯ ಭಾಗ 2019ರಲ್ಲಿ. ಎರಡಕ್ಕೂ ಕ್ರಿಸ್ ರೆನೋ ನಿರ್ದೇಶಕರು. ನ್ಯೂಯಾರ್ಕಿನ ಮನೆಗಳಲ್ಲಿ ಯಜಮಾನರು ಬಾಗಿಲು ಹಾಕಿಕೊಂಡು ಹೋದ ಮೇಲೆ ಪ್ರಾಣಿಗಳು ಏನು ಮಾಡುತ್ತವೆ ಎನ್ನುವುದೇ ಕಥೆಯ ಬುಡ. ಒಂದು ನಾಯಿ ಅಡುಗೆಮನೆಯ ಮಿಕ್ಸರ್‌ಗೆ ಬೆನ್ನು ಕೊಟ್ಟು ಉಜ್ಜಿಸಿಕೊಳ್ಳುತ್ತದೆ, ಕ್ಲೋಯಿ ಎಂಬ ದಪ್ಪ ಬೆಕ್ಕು ಫ್ರಿಜ್ ಮುಂದೆ ನಿಂತು ಒಳಗಿನ ಕೋಳಿಯ ಜೊತೆ ಮನಸ್ಸಿನಲ್ಲೇ ಜಗಳಕ್ಕೆ ಬೀಳುತ್ತದೆ. ಎರಡನೆಯ ಭಾಗದಲ್ಲಿ ಇದೇ ಕ್ಲೋಯಿ, ಗಿಜೆಟ್ ಎಂಬ ಬಿಳಿ ಪೊಮೆರೇನಿಯನ್ ನಾಯಿಗೆ ಬೆಕ್ಕಿನ ನಡೆ ಕಲಿಸುವ ಭಾಗವಿದೆ. ಪ್ರಾಣಿ ಅನಿಮೇಶನ್ ಕಲಿಯುವವರು ಆ ಭಾಗವನ್ನು ಶಬ್ದ ಬಂದ್ ಮಾಡಿ ನೋಡಬೇಕು. ಮಾತು ಕೇಳಿಸದಿದ್ದರೂ ಯಾವುದು ನಾಯಿಯ ಆತುರ, ಯಾವುದು ಬೆಕ್ಕಿನ ಬೇಸರ ಎಂಬುದು ಬೆನ್ನು, ಬಾಲಗಳಿಂದಲೇ ಗೊತ್ತಾಗುತ್ತದೆ. ನಮ್ಮ ಹುಡುಗರಿಗೂ ಮೊದಲು ಅದನ್ನೇ ಹಾಗೆ ತೋರಿಸಿದೆವು.

ನಮ್ಮ ಕಥೆ ಸಣ್ಣದು. ಮನೆಯ ಯಜಮಾನ ಸಂತೆಯಿಂದ ಬರುವ ಸಪ್ಪಳ. ನಾಯಿ ಜಿಗಿದು ಹೇಳುತ್ತದೆ: “ಏ ಬೆಕ್ಕವ್ವಾ, ಅಪ್ಪಾರು ಬಂದ್ರು! ಬುಟ್ಟ್ಯಾಗ ರೊಟ್ಟಿ ಐತಿ!” ಬೆಕ್ಕು ಮಲಗಿದಲ್ಲಿಂದಲೇ: “ಬರಲಿ ಬಿಡು. ನಾ ಯಾಕ ಏಳ್ಲಿ?” ಅಷ್ಟೇ. ಪುಸ್ತಕದ ಭಾಷೆಯಲ್ಲಿ ಬರೆದು ಓದಿಸಿದಾಗ ಇದೇ ಮಾತು ಉದ್ದವಾಯಿತು, ಮಕ್ಕಳ ದನಿಯೂ ಪಾಠ ಒಪ್ಪಿಸುವ ದನಿಯಾಯಿತು. ಮನೆಯ ಮಾತಿಗೆ ಬಂದ ಕೂಡಲೇ ನಾಯಿಗೆ ಜೀವ ಬಂತು.

ದನಿಯನ್ನೇ ಮೊದಲು ಹಿಡಿಯಬೇಕು. ದೊಡ್ಡ ಸ್ಟುಡಿಯೊಗಳ ಕ್ರಮವೂ ಇದೇ, ಯಾಕೆಂದರೆ ಚಿತ್ರ ದನಿಯನ್ನು ಹಿಂಬಾಲಿಸಬಲ್ಲದು, ದನಿ ಚಿತ್ರವನ್ನು ಹಿಂಬಾಲಿಸಿದರೆ ನಟನೆ ಸತ್ತುಹೋಗುತ್ತದೆ. ಫ್ಯಾನ್ ಬಂದ್, ಕಿಟಕಿ ಬಂದ್. ಬಟ್ಟೆ ತುಂಬಿದ ಅಲಮಾರಿಯ ಬಾಗಿಲು ತೆರೆದು, ಹುಡುಗನನ್ನು ಅದರತ್ತ ಮುಖ ಮಾಡಿ ನಿಲ್ಲಿಸಬೇಕು, ಬಟ್ಟೆ ಪ್ರತಿಧ್ವನಿಯನ್ನು ನುಂಗುತ್ತದೆ. ಫೋನು ಬಾಯಿಯಿಂದ ಒಂದು ಗೇಣು ದೂರ ಇರಲಿ, ಆದರೆ ನೇರ ಎದುರಿಗಲ್ಲ, ಸ್ವಲ್ಪ ಓರೆಗೆ. ಎದುರಿಗೆ ಹಿಡಿದರೆ ‘ಪ’, ‘ಬ’ ಅಂದಾಗಲೆಲ್ಲ ಉಸಿರು ಮೈಕಿಗೆ ಬಡಿದು ‘ಧಪ್’ ಎನ್ನುತ್ತದೆ. ಬೆಕ್ಕಿಗೆ ಕೀಚಲು ದನಿಯೇ ಬೇಕೆಂದು ಮಕ್ಕಳ ಹಟವಿತ್ತು. ಎರಡೂ ಕೇಳಿಸಿದ ಮೇಲೆ ದಪ್ಪ, ನಿಧಾನದ ದನಿಯನ್ನು ಅವರೇ ಆರಿಸಿದರು. ‘ಪೆಟ್ಸ್’ ಚಿತ್ರದಲ್ಲಿ ಸ್ನೋಬಾಲ್ ಎಂಬ ಮುದ್ದು ಬಿಳಿ ಮೊಲಕ್ಕೆ ಹಾಸ್ಯನಟ ಕೆವಿನ್ ಹಾರ್ಟ್ ಅವರ ಅಬ್ಬರದ ದನಿ ಕೊಟ್ಟದ್ದೂ ಇದೇ ಲೆಕ್ಕದ್ದು. ಮೈಗೂ ದನಿಗೂ ಹೊಂದದಿದ್ದರೆ ನೋಡುವವರ ಗಮನ ಅಲ್ಲೇ ನಿಲ್ಲುತ್ತದೆ.

ಗೊಂಬೆಗೆ 300 ಜಿಎಸ್‌ಎಂನ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ದಪ್ಪ ಡ್ರಾಯಿಂಗ್ ಹಾಳೆ ಸಾಕು. ತೆಳುವಾದರೆ ಕೈಬೆವರಿಗೇ ಮಡಚಿಕೊಳ್ಳುತ್ತದೆ. ನಾಯಿಗೆ ಮೈ, ತಲೆ, ಎರಡು ಕಿವಿ, ನಾಲ್ಕು ಕಾಲು, ಬಾಲ ಎಲ್ಲ ಬೇರೆ ಬೇರೆ ಕತ್ತರಿಸಬೇಕು. ಕೀಲಿನ ಜಾಗಕ್ಕೆ ಸೂಜಿಯಿಂದ ತೂತು ಮಾಡಿ, ಎರಡೂ ಬದಿಗೆ ದಾರ ಗಂಟು ಹಾಕಿದರೆ ಆಯಿತು. ಗಂಟು ಸಡಿಲವಾದರೆ ಕಾಲು ತಾನೇ ಜಾರುತ್ತದೆ, ಬಿಗಿಯಾದರೆ ಕಾಲು ಎಳೆದಾಗ ಮೈಯೇ ಸರಿಯುತ್ತದೆ. ಬಿಟ್ಟ ಜಾಗದಲ್ಲಿ ನಿಲ್ಲುವಷ್ಟು ಬಿಗಿ ಸಾಕು. ಕತ್ತರಿಸಿದ ಅಂಚು ಬೆಳ್ಳಗೆ ಹೊಳೆಯದಂತೆ ಸ್ಕೆಚ್‌ಪೆನ್ನಿನಿಂದ ಮೈಬಣ್ಣವನ್ನೇ ತೀಡಬೇಕು. ಇದನ್ನು ಬಹಳ ಮಂದಿ ಬಿಡುತ್ತಾರೆ, ಆಮೇಲೆ ಪರದೆಯ ಮೇಲೆ ಆ ಗೆರೆ ಮಿಣುಕುತ್ತದೆ.

ಬಾಯಿಗಳು ಆರು: ಮುಚ್ಚಿದ್ದು, ಅರ್ಧ ತೆರೆದದ್ದು, ‘ಆ’ಕ್ಕೆ ಪೂರ್ತಿ ತೆರೆದದ್ದು, ‘ಇ’ ‘ಎ’ಗಳಿಗೆ ಅಗಲವಾದದ್ದು, ‘ಉ’ ‘ಒ’ಗಳಿಗೆ ದುಂಡನೆಯದು, ‘ವ’ ‘ಫ’ಗಳಿಗೆ ಹಲ್ಲು ಕೆಳತುಟಿಗೆ ತಾಗಿದ್ದು. ಪೋಸ್ಟರ್ ಹಚ್ಚುವ ಮೆತ್ತನೆಯ ಅಂಟಿನ ಸಾಸಿವೆಯಷ್ಟು ಚೂರು ಹಿಂದೆ ಇಟ್ಟು, ಚಿಮಟದಿಂದ ಹಚ್ಚಿ ತೆಗೆಯುವುದು. ಬಾಯಿ ಕೂರುವ ಜಾಗವನ್ನು ಮುಖದ ಮೇಲೆ ಪೆನ್ಸಿಲಿನಿಂದ ಸಣ್ಣ ಚುಕ್ಕಿ ಇಟ್ಟು ಗುರುತಿಸಿರಬೇಕು. ಇಲ್ಲದಿದ್ದರೆ ಮಾತಾಡುತ್ತ ಆಡುತ್ತ ನಾಯಿಯ ಬಾಯಿ ಕೆನ್ನೆಗೆ ಹೋಗಿರುತ್ತದೆ.

ಎರಡು ಕುರ್ಚಿಗಳ ನಡುವೆ ಹಲಗೆ, ಹಲಗೆಯ ಅಂಚಿಗೆ ಕೆಳಮುಖವಾಗಿ ಕಟ್ಟಿದ ಫೋನು, ಕೆಳಗೆ ನೆಲಕ್ಕೆ ಟೇಪ್ ಹಾಕಿದ ಹಿನ್ನೆಲೆಯ ಹಾಳೆ. ಸ್ಟಾಪ್ ಮೋಶನ್ ಸ್ಟುಡಿಯೊ ಆ್ಯಪ್‌ನಲ್ಲಿ ಸೆಕೆಂಡಿಗೆ 12 ಚಿತ್ರ ಎಂದು ಇಟ್ಟೆವು. ಸಿನಿಮಾದ್ದು 24, ಮಕ್ಕಳ ತಾಳ್ಮೆಗೆ ಅದರ ಅರ್ಧವೇ ಸರಿ. ಅಲ್ಲಿಗೆ 20 ಸೆಕೆಂಡಿಗೆ 240 ಚಿತ್ರ. ಫೋಕಸ್, ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಲಾಕ್ ಮಾಡಬೇಕು. ಮಾಡದಿದ್ದರೆ ಯಾರದೋ ಬಿಳಿ ಅಂಗಿ ಹತ್ತಿರ ಬಂದಾಗ ಫೋನು ತಾನೇ ಬೆಳಕು ತಗ್ಗಿಸುತ್ತದೆ, ಚಿತ್ರ ಮಿನುಗುತ್ತದೆ. ಫೋನು ಏರೋಪ್ಲೇನ್ ಮೋಡ್‌ನಲ್ಲಿರಲಿ, ಕರೆ ಬಂದು ನಡುಗಿತೆಂದರೆ ಚೌಕಟ್ಟು ಸರಿದುಹೋಗುತ್ತದೆ.

ಬೆಳಕಿಗೆ ಹಗಲನ್ನು ನಂಬಬಾರದು. ಧಾರವಾಡದ ಮೇ ತಿಂಗಳಲ್ಲಿ ಮೋಡ ಬಂದು ಹೋಗುವುದಕ್ಕೆ ಹೊತ್ತುಗೊತ್ತಿಲ್ಲ. ಕಿಟಕಿಗೆ ದಪ್ಪ ಚಾದರ ಕಟ್ಟಿ, ಎರಡೂ ಬದಿಯಿಂದ ಓರೆಯಾಗಿ ಒಂದೇ ಬಗೆಯ ಎರಡು ಎಲ್‌ಇಡಿ ಬಲ್ಬು ಇಡುವುದೇ ಸರಿ. ಒಂದು ಬದಿಗೆ ಮಾತ್ರ ಇಟ್ಟರೆ ಗೊಂಬೆಯ ನೆರಳು ನೆಲಕ್ಕೆ ಬಿದ್ದು ಕಾಗದವೆಂಬುದು ಎದ್ದು ಕಾಣುತ್ತದೆ. ಫ್ಯಾನ್ ಹಾಕುವಂತಿಲ್ಲ, ಹಾಳೆ ಹಾರುತ್ತದೆ. ಸೆಕೆ ತಡೆಯದೆ ಕೆಲವರು ಹಾಳೆಯ ಮೇಲೆ ಗಾಜು ಇಟ್ಟು ಫ್ಯಾನ್ ಹಾಕುತ್ತಾರೆ, ಆದರೆ ಗಾಜಿನಲ್ಲಿ ಬಲ್ಬು ಮತ್ತು ಫೋನಿನ ಬಿಂಬ ಕೂರುತ್ತದೆ. ಸೆಕೆಯನ್ನೇ ತಡೆದುಕೊಳ್ಳುವುದು ಮೇಲು. ಹತ್ತು ನಿಮಿಷಕ್ಕೊಮ್ಮೆ ಎಲ್ಲರೂ ಅಂಗಳಕ್ಕೆ ಬಂದು ಮಜ್ಜಿಗೆ ಕುಡಿದು ಹೋದರು.

ಈಗ ಚಲನೆ. ಹೊರಗಿನ ಸಪ್ಪಳಕ್ಕೆ ನಾಯಿಯ ಕಿವಿ ಮಾತಿಗಿಂತ 6 ಚಿತ್ರ ಮೊದಲೇ ನಿಮಿರಬೇಕು, ಅಂದರೆ ಅರ್ಧ ಸೆಕೆಂಡು. ಆಮೇಲೆ ತಲೆ ತಿರುಗುತ್ತದೆ, ಆಮೇಲೆ ಮೈ, ಕೊನೆಗೆ ಬಾಯಿ. ಬಂದವರು ತನ್ನವರೇ ಎಂದು ಗೊತ್ತಾದ ಕ್ಷಣ ಅದೇ ಕಿವಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಬಾಲದ ಒಂದು ಪೂರ್ತಿ ಬೀಸಿಗೆ 4 ಚಿತ್ರ, ಜೊತೆಗೆ ಸೊಂಟವೂ ಕೂದಲೆಳೆಯಷ್ಟು ಆಚೀಚೆ. ಬಾಲವಷ್ಟೇ ಆಡಿದರೆ ಗಡಿಯಾರದ ಲೋಲಕವಾಗುತ್ತದೆ, ನಾಯಿಯಾಗುವುದಿಲ್ಲ. ಬೆಕ್ಕಿನದು ಬೇರೆಯೇ ಲೋಕ. ತಲೆ ಅಲುಗದು, ಸಪ್ಪಳದ ಕಡೆ ಒಂದೇ ಕಿವಿ ಹೊರಳುತ್ತದೆ, ಬಾಲದ ತುದಿ ಮಾತ್ರ 10 ಚಿತ್ರಗಳಲ್ಲಿ ಒಮ್ಮೆ ಏರಿ ಇಳಿಯುತ್ತದೆ.

ಬಾಯಿ ಹೊಂದಿಸುವ ಕೆಲಸದಲ್ಲಿ ಕನ್ನಡದ ಒತ್ತಕ್ಷರಕ್ಕೆ ತನ್ನದೇ ಪಾಲು ಕೊಡಬೇಕು. “ಅಪ್ಪಾರು ಬಂದ್ರು” ಎಂಬುದನ್ನು ಬಿಡಿಸಿದ್ದು ಹೀಗೆ: ‘ಅ’ಕ್ಕೆ ಅರ್ಧ ತೆರೆದ ಬಾಯಿ 2 ಚಿತ್ರ, ‘ಪ್ಪ’ಕ್ಕೆ ಮುಚ್ಚಿದ್ದು 2, ‘ಆ’ಕ್ಕೆ ಪೂರ್ತಿ ತೆರೆದದ್ದು 3, ‘ರು’ವಿಗೆ ದುಂಡು 1, ‘ಬ’ಕ್ಕೆ ಮುಚ್ಚಿದ್ದು 1, ನಂತರದ ‘ಅ’ಕ್ಕೆ 2, ಕೊನೆಯ ‘ರು’ವಿಗೆ 2. ಒಟ್ಟು 13. ‘ಪ್ಪ’ಕ್ಕೆ ಒಂದೇ ಚಿತ್ರ ಕೊಟ್ಟರೆ ಕಿವಿಗೆ ‘ಅಪ್ಪಾ’, ಕಣ್ಣಿಗೆ ‘ಅಪಾ’. ಏನೋ ತಪ್ಪಿದೆ ಅನಿಸುತ್ತದೆ, ಎಲ್ಲಿ ಎಂದು ಹೊಳೆಯುವುದಿಲ್ಲ. ‘ಕ’, ‘ಟ’, ‘ಳ’ಗಳಿಗೆ ತುಟಿಯ ಕೆಲಸವಿಲ್ಲ, ಅವುಗಳಿಗೆ ಬಾಯಿ ಬದಲಿಸಲೇಬಾರದು, ಬದಲಿಸಿದರೆ ತುಟಿ ಚಳಿ ಹಿಡಿದಂತೆ ನಡುಗುತ್ತದೆ. ತುಟಿ ಮುಚ್ಚುವ ಚಿತ್ರ ದನಿಗಿಂತ ಒಂದು ಚಿತ್ರ ಮುಂಚೆ ಬಂದರೆ ಹೊಂದುತ್ತದೆ, ಒಂದು ಚಿತ್ರ ತಡವಾದರೂ ಕಣ್ಣಿಗೆ ಬಡಿಯುತ್ತದೆ.

ಮೂರೂವರೆಯ ಹೊತ್ತಿಗೆ ಅಡ್ಡಮಳೆ ಗುಡುಗುತ್ತ ಬಂತು, ಕರೆಂಟು ಹೋಯಿತು. ಇಂಥಲ್ಲಿ ಟಾರ್ಚ್ ಹಿಡಿದು ಮುಂದುವರಿಸಿದರೆ ಬಣ್ಣವೇ ಬದಲಾಗುತ್ತದೆ. ಗೊಂಬೆ ಮುಟ್ಟದೆ ಕಾಯಬೇಕು. ಕರೆಂಟು ಬಂದ ಮೇಲೆ ಹಿಂದಿನ ಚಿತ್ರವನ್ನು ಆ್ಯಪ್‌ನಲ್ಲಿ ಮಸುಕಾಗಿ ಮೇಲೆ ಕಾಣಿಸಿಕೊಂಡು, ಗೊಂಬೆ ಸರಿದಿದೆಯೇ ಎಂದು ನೋಡಿ ಶುರು ಮಾಡಿದೆವು. ಆ ಬಿಡುವಿನಲ್ಲಿ ಹುಡುಗರು ಬಾಗಿಲ ಚಿಲಕದ ಸಪ್ಪಳ, ಚಪ್ಪಲಿ ಬಿಡುವ ಸಪ್ಪಳ ರೆಕಾರ್ಡ್ ಮಾಡಿಟ್ಟರು. ಮಳೆಯ ದನಿಯೂ ಅದರಲ್ಲಿ ಸೇರಿತ್ತು, ತೆಗೆಯಲಿಲ್ಲ.

ಉಳಿದದ್ದು ಯಜಮಾನ ಒಳಗೆ ಬರುವ ಜಾಗ. ಇಂಥ ಕಥೆಗಳಿಗೆ ಒಂದು ಕಟ್ಟಳೆಯಿದೆ: ಪ್ರಾಣಿಗಳು ತಮ್ಮತಮ್ಮಲ್ಲಿ ಮಾತಾಡುತ್ತವೆ, ಮನುಷ್ಯನಿಗೆ ಕೇಳಿಸುವುದು ಬೊಗಳು ಮಾತ್ರ. ಇದನ್ನು ಒಂದು ಸಲ ಮುರಿದರೂ ಕಥೆ ಕುಸಿದುಬೀಳುತ್ತದೆ. ನಾಯಿಯೇ ಯಜಮಾನನ ಹತ್ತಿರ “ರೊಟ್ಟಿ ಕೊಡ್ರಿ” ಅನ್ನಲಿ ಎಂದು ಒಬ್ಬಳು ಬಹಳ ವಾದಿಸಿದಳು. ಬಾಗಿಲು ತೆರೆಯುವ ಚಿತ್ರದಲ್ಲೇ ಮಾತು ಕತ್ತರಿಸಿ, ಓಣಿಯ ನಾಯಿಯ ನಿಜವಾದ ಬೊಗಳನ್ನು ಅಲ್ಲಿಂದ ಜೋಡಿಸಿ ತೋರಿಸಿದೆವು. ಬೊಗಳಿಗೆ ಬಾಯಿ ಎರಡೇ, ಪೂರ್ತಿ ತೆರೆದದ್ದು 2 ಚಿತ್ರ, ಮುಚ್ಚಿದ್ದು 2, ಪ್ರತಿ ಬೊಗಳಿಗೂ ಮುಂಗಾಲು ನೆಲ ಬಿಟ್ಟು ಏಳಬೇಕು. ನೋಡಿ ಆದ ಮೇಲೆ ಅವಳೇ ಎದ್ದು, ಬೆಕ್ಕಿನ ಮಾತು ಬಾಗಿಲು ತೆರೆಯುವ ಮೊದಲೇ ಮುಗಿಯಬೇಕೆಂದು ಹೇಳಿ, “ಏಳ್ಲಿ” ಎಂಬಲ್ಲಿ 3 ಚಿತ್ರ ಕಡಿಮೆ ಮಾಡಿಸಿದಳು.