ಪೌಡರ್ ಬದಲಾದರೆ ರೆಸಿಪಿಯೇ ಬೇರೆ

ಶನಿವಾರ, 18 ಜನವರಿ 2025
ವಿಸ್ಕಾನ್ಸಿನ್, ಅಮೆರಿಕ

ಕೋವಿಯ ತೋಟಾಗೆ ತುಂಬುವ ರೆಡ್ ಡಾಟ್ ಪೌಡರಿನ (ಮದ್ದಿನ ಪುಡಿ) ಡಬ್ಬದ ತಳ ಕಾಣಿಸಿತು. ಹೊಸದು ಸಿಗುವ ಲಕ್ಷಣ ಇಲ್ಲ. ಉಕ್ರೇನ್ ಯುದ್ಧ ಶುರುವಾದ ಮೇಲೆ ಪೌಡರಿನ ಮೂಲವಸ್ತು ನೈಟ್ರೋಸೆಲ್ಯುಲೋಸ್‌ಗೆ ಎಲ್ಲ ಕಡೆ ಬೇಡಿಕೆ. ನಮ್ಮಂಥ ಹವ್ಯಾಸಿಗಳ ಸರದಿ ಕೊನೆಗೆ ಬರುತ್ತದೆ, ಅದು ಸರಿಯೇ. ಅಂಗಡಿಯಲ್ಲಿ ಹಾಜ್‌ಡನ್ ಕಂಪನಿಯ ಕ್ಲೇಸ್ ಪೌಡರ್ ಇತ್ತು, ಅದನ್ನೇ ತಂದುಕೊಂಡೆ. ಇವತ್ತು ಇಡೀ ಮಧ್ಯಾಹ್ನ ಬೇಸ್‌ಮೆಂಟಿನಲ್ಲಿ ಅದರದೇ ಕೆಲಸ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನಾನು ಆಡುವ ಟ್ರ್ಯಾಪ್ ಅಂದರೆ ಮುಂದಿನ ಗೂಡಿನಿಂದ ಹಾರುವ ಕಿತ್ತಳೆ ಬಣ್ಣದ ಬಿಲ್ಲೆಗೆ 16 ಗಜ ಹಿಂದೆ ನಿಂತು ಕೋವಿಯಿಂದ ಹೊಡೆಯುವ ಆಟ. ಒಂದು ಸುತ್ತಿಗೆ 25 ತೋಟಾ. ಹೊಡೆದ ಮೇಲೆ ಉಳಿಯುವ ಪ್ಲಾಸ್ಟಿಕ್ ಹಲ್ (ತೋಟಾದ ಖಾಲಿ ಕೋಶ) ಎತ್ತಿಕೊಂಡು ಬಂದು, ಹೊಸ ಪ್ರೈಮರ್ (ಪೌಡರಿಗೆ ಕಿಡಿ ಕೊಡುವ ಕೇಪು), ಪೌಡರ್, ವಾಡ್ (ಪೌಡರಿಗೂ ಚರೆಗೂ ನಡುವಿನ ಪ್ಲಾಸ್ಟಿಕ್ ಬಟ್ಟಲು), ಸೀಸದ ಚರೆ ತುಂಬಿ ಬಾಯಿ ಮಡಚಿದರೆ ಮತ್ತೆ ತೋಟಾ ಸಿದ್ಧ. ಇದಕ್ಕೆ ನನ್ನ ಹತ್ತಿರ ಇರುವುದು ಮೆಕ್ 600 ಜೂನಿಯರ್. ಇದೇ ರಾಜ್ಯದ ಮೇವಿಲ್ ಊರಿನಲ್ಲಿ ತಯಾರಾಗುವ ಯಂತ್ರ. ದುಡ್ಡು ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸೀಸದ ಬೆಲೆ ಏರಿದ ಮೇಲೆ ಉಳಿತಾಯ ಅಷ್ಟಕ್ಕಷ್ಟೇ. ಚಳಿಗಾಲದಲ್ಲಿ ಕೈಗೊಂದು ಕೆಲಸ ಬೇಕು, ಅಷ್ಟೇ.

ಪೌಡರ್ ಬದಲಿಸುವಾಗ ಜನ ಮಾಡುವ ಲೆಕ್ಕ ಹೀಗಿರುತ್ತದೆ: ‘ಇದೂ ಬೇಗ ಉರಿಯುವ ಪೌಡರ್, ಅದೂ ಬೇಗ ಉರಿಯುವ ಪೌಡರ್, ಬುಶಿಂಗ್ ಇದ್ದಂಗೇ ಇರಲಿ.’ ಇದು ಅಪಾಯದ ಲೆಕ್ಕ. ಯಂತ್ರ ಪೌಡರನ್ನು ತೂಗುವುದಿಲ್ಲ, ಅಳೆಯುತ್ತದೆ. ಬುಶಿಂಗ್ ಅಂದರೆ ತೂತಿರುವ ಒಂದು ಸಣ್ಣ ಲೋಹದ ಬಳೆ. ಆ ತೂತು ತುಂಬಿದಷ್ಟು ಪೌಡರ್ ಹಲ್ ಒಳಗೆ ಬೀಳುತ್ತದೆ. ಒಂದು ಪಾವು ಅವಲಕ್ಕಿಗೂ ಒಂದು ಪಾವು ರಾಗಿಗೂ ತೂಕ ಒಂದೇ ಇರುತ್ತದಾ? ರೆಡ್ ಡಾಟ್ ಅಗಲ ಚಕ್ಕೆಯ ಹಗುರ ಪೌಡರ್, ನಡುನಡುವೆ ಕೆಂಪು ಚುಕ್ಕೆ. ಎಚ್‌ಎಸ್-6 ಅನ್ನುವುದು ನಿಧಾನವಾಗಿ ಉರಿಯುವ, ಸಣ್ಣ ಕಾಳಿನಂಥ ನುಣುಪಾದ ಬಾಲ್ ಪೌಡರ್. ಒಂದೇ ಬುಶಿಂಗ್‌ನಲ್ಲಿ ಅದು ರೆಡ್ ಡಾಟ್‌ನ ಸುಮಾರು ಎರಡು ಪಟ್ಟು ತೂಗುತ್ತದೆ. ತಿರುಗಿಸಿ ನೋಡಿ: ಎಚ್‌ಎಸ್-6ಗೆ ಬರೆದ ತೂಕವನ್ನು ಯಾರಾದರೂ ರೆಡ್ ಡಾಟ್‌ನಲ್ಲಿ ತೂಗಿ ತುಂಬಿದರೆ ಕೋವಿಯೂ ಹೋಯಿತು, ಕೈಯೂ ಹೋಯಿತು.

ಹೆಸರುಗಳೂ ಕಾಟ ಕೊಡುತ್ತವೆ. ಹಾಜ್‌ಡನ್‌ನವರದೇ ಕ್ಲೇಸ್, ಇಂಟರ್‌ನ್ಯಾಷನಲ್ ಕ್ಲೇಸ್, ಯೂನಿವರ್ಸಲ್ ಕ್ಲೇಸ್ ಅಂತ ಮೂರು ಇದ್ದವು. ಈಚೆಗೆ ಕೊನೆಯ ಎರಡರ ಹೆಸರು ಚಿಕ್ಕದಾಗಿದೆ, ಆದರೆ ಹಳೆ ಡಬ್ಬಗಳು ಇನ್ನೂ ಜನರ ಮನೆಯಲ್ಲಿವೆ. ಮೂರರಲ್ಲಿ ಕ್ಲೇಸ್ ಎಲ್ಲಕ್ಕಿಂತ ಬೇಗ ಉರಿಯುತ್ತದೆ, ಯೂನಿವರ್ಸಲ್ ನಿಧಾನ. ಪಟ್ಟಿಯಲ್ಲಿ ಒಂದು ಸಾಲು ಆಚೀಚೆ ಓದಿದರೆ ಬೇರೆಯದೇ ಪೌಡರಿನ ಲೆಕ್ಕ ಕೈಗೆ ಬರುತ್ತದೆ. ಡಬ್ಬದ ಮೇಲಿನ ಹೆಸರನ್ನು ಪೂರ್ತಿ ಓದಿ, ಬೆರಳಿಟ್ಟು ಪಟ್ಟಿ ನೋಡುವುದು ನನ್ನ ಅಭ್ಯಾಸ. ಹೆಂಡತಿಗೆ ಅದು ನಗು.

ಮೊದಲ ಕೆಲಸ ಹಳೆಯದನ್ನು ಖಾಲಿ ಮಾಡುವುದು. ಮೇಜಿನ ಮೇಲೆ ಒಂದೇ ಪೌಡರ್ ಇರಬೇಕು, ಇನ್ನೊಂದು ಕಪಾಟಿನಲ್ಲಿ. ಯಂತ್ರದ ಬಾಟಲಿಯಲ್ಲಿ ಉಳಿದ ರೆಡ್ ಡಾಟನ್ನು ಅದರದೇ ಡಬ್ಬಕ್ಕೆ ಸುರಿದೆ. ಆಮೇಲೆ ಚಾರ್ಜ್ ಬಾರ್ (ಬುಶಿಂಗ್ ಕೂರುವ, ಆಚೀಚೆ ಜಾರುವ ಪಟ್ಟಿ) ಬಿಚ್ಚಿದೆ. ಬುಶಿಂಗ್ ಅಂಚಿನಲ್ಲಿ, ಪೌಡರ್ ಇಳಿಯುವ ಕೊಳವೆಯ ಗೋಡೆಯಲ್ಲಿ ಚಕ್ಕೆಗಳು ಅಂಟಿಕೊಂಡಿದ್ದವು. ಜನವರಿಯಲ್ಲಿ ಮನೆ ಹೀಟರಿನ ಗಾಳಿ ಒಣ, ಪ್ಲಾಸ್ಟಿಕ್‌ನಲ್ಲಿ ಸ್ಟ್ಯಾಟಿಕ್ ಜಾಸ್ತಿ. ಬಟ್ಟೆ ಡ್ರೈಯರ್‌ಗೆ ಹಾಕುವ ಹಾಳೆಯಿಂದ ಬಾಟಲಿ ಒಳಗೆ ಒರೆಸಿದರೆ ಅಂಟು ಬಿಡುತ್ತದೆ. ಮೇಜಿನ ಮೇಲೆ ಚೆಲ್ಲಿದ್ದು, ಯಾವುದೆಂದು ಖಚಿತವಿಲ್ಲದ್ದು ಯಾವ ಡಬ್ಬಕ್ಕೂ ವಾಪಸ್ ಹೋಗಬಾರದು. ಅಂಥದ್ದನ್ನು ಹೊರಗೆ ಹುಲ್ಲಿಗೆ ತೆಳ್ಳಗೆ ಎರಚುತ್ತೇನೆ, ಸಾರಜನಕ ಇರುವುದರಿಂದ ಹುಲ್ಲಿಗೂ ಬೇಜಾರಿಲ್ಲ.

ಮುಂದಿನದು ರೆಸಿಪಿ. ಎಷ್ಟು ಗ್ರೇನ್ (ಪೌಡರ್ ತೂಗುವ ಸಣ್ಣ ಅಳತೆ) ಅನ್ನುವ ಲೆಕ್ಕ ಇಲ್ಲಿ ಬರೆಯುವುದಿಲ್ಲ, ಅದನ್ನು ಪೌಡರ್ ಕಂಪನಿಯ ಪಟ್ಟಿಯಲ್ಲೇ ನೋಡಬೇಕು. ಆ ಪಟ್ಟಿಯ ಒಂದು ಸಾಲಿನಲ್ಲಿ ಹಲ್, ಪ್ರೈಮರ್, ವಾಡ್, ಚರೆಯ ತೂಕ, ಪೌಡರ್ ತೂಕ ಎಲ್ಲ ಇರುತ್ತದೆ. ಸಾಲು ಇಡಿಯಾಗಿ ನಮ್ಮದು, ಅರ್ಧ ಅಲ್ಲ. ರೆಮಿಂಗ್ಟನ್ ಎಸ್‌ಟಿಎಸ್ ಹಲ್ ಒಳಗೆ ಕೆಳಕ್ಕೆ ಕಿರಿದಾಗುತ್ತದೆ. ಫೆಡರಲ್ ಗೋಲ್ಡ್ ಮೆಡಲ್‌ನ ಗೋಡೆ ನೇರ, ತಳದಲ್ಲಿ ಕಾಗದದ ಬಿಲ್ಲೆ. ಹೊರಗಿನಿಂದ ಎರಡೂ 12 ಗೇಜ್ (ಕೋವಿಯ ಕೊಳವೆಯ ಅಳತೆ), ಒಳಗಿನ ಜಾಗ ಬೇರೆ. ಪ್ರೈಮರ್ ಇನ್ನೂ ಮೋಸ. 209 ಅನ್ನುವ ಅಳತೆಯ ಪ್ರೈಮರ್‌ಗಳೆಲ್ಲ ಒಂದೇ ಕುಳಿಗೆ ಕೂರುತ್ತವೆ, ಆದರೆ ಫೆಡರಲ್ 209ಎ ಜೋರಿನದು. ಬೇರೇನೂ ಮುಟ್ಟದೆ ಪ್ರೈಮರ್ ಮಾತ್ರ ಬದಲಿಸಿದರೂ ಒತ್ತಡ ಇದ್ದದ್ದಕ್ಕಿಂತ ಸಾವಿರ ಪಿಎಸ್‌ಐಗೂ (ಚದರ ಇಂಚಿಗೆ ಪೌಂಡ್ ಲೆಕ್ಕ) ಹೆಚ್ಚು ಏರಬಹುದು. 12 ಗೇಜ್, ಎರಡೂಮುಕ್ಕಾಲು ಇಂಚಿನ ತೋಟಾಗೆ ಸಾಮಿ (ಅಮೆರಿಕದ ಕೋವಿ-ತೋಟಾ ತಯಾರಕರ ಸಂಸ್ಥೆ) ಇಟ್ಟಿರುವ ಮಿತಿ 11,500 ಪಿಎಸ್‌ಐ. ಮೇಲೇರಲು ಇರುವ ಜಾಗ ಅಷ್ಟೇ.

ರೈಫಲ್‌ಗೆ ತುಂಬುವವರು ಸಾಮಾನ್ಯವಾಗಿ ಕಡಿಮೆಯಿಂದ ಶುರುಮಾಡಿ, ಪ್ರೈಮರ್ ಚಪ್ಪಟೆಯಾಯಿತಾ ನೋಡುತ್ತಾ ಮೇಲೆ ಹೋಗುತ್ತಾರೆ. ಶಾಟ್‌ಗನ್‌ನಲ್ಲಿ ಆ ಆಟ ನಡೆಯುವುದಿಲ್ಲ. ಒತ್ತಡ ಮಿತಿ ಮೀರಿದರೂ ಪ್ಲಾಸ್ಟಿಕ್ ಹಲ್ ನಂಬುವಂಥ ಗುರುತು ತೋರಿಸುವುದಿಲ್ಲ. ಕೆಳಗಿಳಿದರೂ ಕಷ್ಟ, ಪೌಡರ್ ಸರಿಯಾಗಿ ಉರಿಯದೆ ವಾಡ್ ಕೋವಿಯ ಕೊಳವೆಯಲ್ಲೇ ಕೂತುಬಿಡುತ್ತದೆ. ಕಡಿಮೆ ಒತ್ತಡದ ಲೋಡ್ ಈ ಚಳಿಯಲ್ಲಿ ಇನ್ನೂ ಮೆತ್ತಗಾಗುತ್ತದೆ. ಅದಕ್ಕೇ ಒತ್ತಡದ ಕಾಲಮ್ಮಿನಲ್ಲಿ ತೀರಾ ಕೆಳಗಿನದನ್ನೂ ತೀರಾ ಮೇಲಿನದನ್ನೂ ಬಿಟ್ಟು, ಒಂದು ಔನ್ಸ್ ಚರೆಯ ಒಂದು ಸಾಲು ಆರಿಸಿಕೊಂಡೆ. ಒಂದು ಔನ್ಸ್ ಸಾಕು. 25 ಪೌಂಡ್ ಚೀಲದಲ್ಲಿ 400 ತೋಟಾ ಆಗುತ್ತದೆ, ಭುಜಕ್ಕೂ ಸುಖ.

ಬುಶಿಂಗ್ ಚಾರ್ಟ್ ಬರೀ ಅಂದಾಜು. ಮೆಕ್ ಬುಶಿಂಗ್‌ಗಳು ಚಾರ್ಟಿನಲ್ಲಿ ಬರೆದದ್ದಕ್ಕಿಂತ ಕಡಿಮೆ ಸುರಿಯುವುದೇ ಹೆಚ್ಚು. ತಕ್ಕಡಿ ಬೇಕೇ ಬೇಕು, ಅದು ಸರಿಯಿದೆಯಾ ಅಂತ ಮೊದಲು ಪರೀಕ್ಷೆಯ ತೂಕದ ಬೊಟ್ಟು ಇಟ್ಟು ನೋಡಬೇಕು. ಇನ್ನೊಂದು ಸೂಕ್ಷ್ಮ ಇದೆ. ಸುಮ್ನೆ ಬಾರ್ ಆಚೀಚೆ ತಳ್ಳಿ ತೂಗಿದರೆ ತೂಕ ಕಡಿಮೆ ತೋರಿಸುತ್ತದೆ. ನಿಜವಾಗಿ ತುಂಬುವಾಗ ಹಿಡಿಕೆ ಒತ್ತಿದ ಏಟು, ಚರೆ ಬಿದ್ದ ಕುಲುಕು ಎಲ್ಲ ಸೇರಿ ಬಾಟಲಿಯ ಪೌಡರ್ ಅದುಮಿಕೊಳ್ಳುತ್ತದೆ. ಹಾಗಾಗಿ ಹಲ್ ಇಟ್ಟು ಪೂರ್ತಿ ಕೆಲಸ ಮಾಡುತ್ತಲೇ ಪೌಡರ್ ಹಿಡಿದು ತೂಗಬೇಕು. ಮೊದಲ ಕೆಲವು ಬೀಳಿಕೆ ಲೆಕ್ಕಕ್ಕಿಲ್ಲ. ಆಮೇಲಿನ ಹತ್ತನ್ನು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿದರೆ ನಿಜ ಗೊತ್ತಾಗುತ್ತದೆ. ಚಾರ್ಟ್ ಹೇಳಿದ ಬುಶಿಂಗ್ ಕಡಿಮೆ ಸುರಿಯಿತು, ಒಂದು ನಂಬರ್ ಮೇಲಿನದು ಹಾಕಿದ ಮೇಲೆ ಸರಿಹೋಯಿತು.

ಹಗುರ ಪೌಡರಿಗೆ ಒಂದು ಉಪಕಾರವಿದೆ. ಗೊತ್ತಾಗದೆ ಬಾರ್ ಎರಡು ಸಲ ತಳ್ಳಿ ಎರಡು ಪಟ್ಟು ಬಿದ್ದರೆ ವಾಡ್ ಮೇಲೆದ್ದು ನಿಲ್ಲುತ್ತದೆ, ಬಾಯಿ ಮಡಚುವುದೇ ಇಲ್ಲ. ಭಾರದ ಪೌಡರ್ ಆ ತಪ್ಪನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಅದೊಂದೇ ಕಾರಣಕ್ಕೆ ಹೊಸಬರಿಗೆ ಹಗುರ ಪೌಡರೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಫೋನ್ ದೂರ ಇಡಿ ಅಂತ ಬೇರೆ ಹೇಳಬೇಕಾ?

ಉಳಿದದ್ದು ಬೇಗ ಹೇಳುತ್ತೇನೆ. ಪೌಡರ್ ಅದರ ಮೂಲ ಡಬ್ಬದಲ್ಲೇ ಇರಲಿ. ಇಲ್ಲಿನ ಅಗ್ನಿ ನಿಯಮದ ಪ್ರಕಾರ ಮನೆಯಲ್ಲಿ ಸಾಮಾನ್ಯವಾಗಿ 20 ಪೌಂಡ್ ತನಕ. ಪ್ರೈಮರ್‌ಗಳನ್ನು ಅವುಗಳ ಟ್ರೇಯಿಂದ ತೆಗೆದು ಡಬ್ಬಕ್ಕೆ ಸುರಿದಿಡಬಾರದು, ಒಂದು ಸಿಡಿದರೆ ಎಲ್ಲ ಸಿಡಿಯುತ್ತವೆ. ಮುಚ್ಚಳ ತೆಗೆದಾಗ ಗಂಟಲು ಕೆರೆಯುವ ಹುಳಿ ವಾಸನೆ ಬಂದರೆ, ಕೆಂಪು ಮಿಶ್ರಿತ ಕಂದು ಹೊಗೆ ಕಂಡರೆ ಆ ಪೌಡರ್ ಕೆಟ್ಟಿದೆ. ಸೀಸ ಮುಟ್ಟಿದ ಕೈಯಲ್ಲಿ ಕಾಫಿ ಲೋಟ ಹಿಡಿಯಬಾರದು.

ಊರಿನಿಂದ ಓದುವವರಿಗೆ ಒಂದು ಮಾತು. ಇಲ್ಲಿ ಸ್ವಂತಕ್ಕೆ ತೋಟಾ ತುಂಬಲು ಫೆಡರಲ್ ಲೈಸೆನ್ಸ್ ಬೇಡ, ಮಾರುವ ವ್ಯಾಪಾರಕ್ಕೆ ಬೇಕು. ಭಾರತದಲ್ಲಿ 1959ರ ಆರ್ಮ್ಸ್ ಆಕ್ಟ್‌ನ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಕೆಗೆ ಲೈಸೆನ್ಸ್ ಬೇಕೇ ಬೇಕು. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಮನೆಯಲ್ಲಿ ತೋಟಾ ತಯಾರಿಸುವುದಕ್ಕಲ್ಲ. ಇದನ್ನು ಓದಿ ಯಾರೂ ಅಲ್ಲಿ ಕೈ ಹಾಕಬೇಡಿ.

ಕೊನೆಗೆ ಒಂದೇ ಪೆಟ್ಟಿಗೆ ತುಂಬಿ ನಿಲ್ಲಿಸಿದೆ. ಮೇಲೆ ಹಲ್, ಪ್ರೈಮರ್, ವಾಡ್, ಪೌಡರ್ ಹೆಸರು ಮತ್ತು ಲಾಟ್ ನಂಬರ್, ಬುಶಿಂಗ್, ತಾರೀಕು ಎಲ್ಲ ಬರೆದು ಅಂಟಿಸಿದೆ. ಮುಂದಿನ ವಾರ ಕ್ಲಬ್ಬಿನಲ್ಲಿ ಒಂದೊಂದೇ ತೋಟಾ ಹಾಕಿ ಹೊಡೆದು ನೋಡುವುದು. ಯಾವುದಾದರೂ ಪುಸ್ಸೆಂದರೆ ಅಲ್ಲೇ ನಿಲ್ಲಿಸಿ, ಕೋವಿ ಬಿಚ್ಚಿ ಕೊಳವೆಯಲ್ಲಿ ಬೆಳಕು ಕಾಣುತ್ತಾ ನೋಡಿದ ಮೇಲೇ ಇನ್ನೊಂದು. ಹೊಡೆದ ಮೇಲೆ ಕೊಳವೆಯಲ್ಲಿ ಅರೆಬೆಂದ ಚಕ್ಕೆ ಜಾಸ್ತಿ ಉಳಿದಿದ್ದರೆ ಈ ಸಾಲು ಬಿಟ್ಟು ಪಟ್ಟಿಯ ಬೇರೆ ಸಾಲಿಗೆ ಹೋಗುತ್ತೇನೆ. ಅಲ್ಲಿಯವರೆಗೆ ಎರಡನೇ ಪೆಟ್ಟಿಗೆ ತುಂಬುವುದಿಲ್ಲ.