ದಸ್ತಗಿರಿ ಮೆಮೊದಲ್ಲಿ ಕಾರಣ ಇದೆ, ಆಧಾರ ಎಲ್ಲಿದೆ?

ಠಾಣೆಯಲ್ಲಿ ಕೈಗೆ ಕೊಡುವ ದಸ್ತಗಿರಿ ಮೆಮೊದಲ್ಲಿ ಹೆಸರು, ಅಪರಾಧ ಸಂಖ್ಯೆ, ಕಲಂ, ಹಿಡಿದ ಸಮಯ, ಒಬ್ಬ ಸಾಕ್ಷಿಯ ಸಹಿ ಇರುತ್ತವೆ. ಕೆಳಗೆ ಮೊದಲೇ ಅಚ್ಚಾದ ಸಾಲುಗಳು: ಮತ್ತೆ ಅಪರಾಧ ಎಸಗದಂತೆ ತಡೆಯಲು, ಸಾಕ್ಷ್ಯ ನಾಶವಾಗದಿರಲು, ತನಿಖೆ ಸರಿಯಾಗಿ ನಡೆಯಲು. ಬಂಧಿತರಿಗೆ ಬಂಧನದ ಆಧಾರ ತಿಳಿಸಬೇಕೆನ್ನುವ ಸಂವಿಧಾನದ 22(1)ನೇ ವಿಧಿ ಕೇಳುವುದು ಇಷ್ಟನ್ನೇ ಎಂದು ಎಷ್ಟೋ ವಕೀಲರೂ ಸುಮ್ಮನಾಗುತ್ತಾರೆ. ಅಲ್ಲ, ಅದು ಬೇರೆ.

ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದ್ದು 2024ರ ಮೇ 15ರಂದು, ನ್ಯೂಸ್‌ಕ್ಲಿಕ್ ಸುದ್ದಿತಾಣದ ಸಂಪಾದಕ ಪ್ರಬೀರ್ ಪುರಕಾಯಸ್ಥರ ಪ್ರಕರಣದಲ್ಲಿ. ಮೇಲಿನ ಅಚ್ಚಿನ ಸಾಲುಗಳು ಬಂಧನದ 'ಕಾರಣ'ಗಳು. ಯಾವ ಆರೋಪಿಗಾದರೂ ಹೊಂದುತ್ತವೆ. 'ಆಧಾರ' ಎಂದರೆ ಈ ವ್ಯಕ್ತಿ ಏನು ಮಾಡಿದ ಎಂದು ತನಿಖಾಧಿಕಾರಿಯ ಬಳಿ ಇರುವ ನಿರ್ದಿಷ್ಟ ವಿವರ. ಅದು ಕೈಯಲ್ಲಿದ್ದರೆ ಮಾತ್ರ ವಕೀಲರು ರಿಮ್ಯಾಂಡ್ (ಮ್ಯಾಜಿಸ್ಟ್ರೇಟ್ ಆರೋಪಿಯನ್ನು ಕಸ್ಟಡಿಗೆ ಒಪ್ಪಿಸುವುದು) ವಿರೋಧಿಸಲು, ಜಾಮೀನು ಕೇಳಲು ಸಾಧ್ಯ. ಅದಕ್ಕೂ ಮೊದಲು, 2023ರ ಅಕ್ಟೋಬರ್ 3ರ ಪಂಕಜ್ ಬನ್ಸಲ್ ತೀರ್ಪು ಇ.ಡಿ. (ಜಾರಿ ನಿರ್ದೇಶನಾಲಯ) ಬಂಧನಗಳಲ್ಲಿ ಆಧಾರವನ್ನು ಓದಿ ಹೇಳಿದರೆ ಸಾಲದು, ಬರಹದಲ್ಲಿ ಕೊಡಬೇಕು ಎಂದಿತ್ತು. ಪುರಕಾಯಸ್ಥರನ್ನು ಬಂಧಿಸಿದ್ದೂ ಅದೇ ದಿನ!

2025ರ ಫೆಬ್ರವರಿ 7ರ ವಿಹಾನ್ ಕುಮಾರ್ ತೀರ್ಪು, ಆಧಾರ ತಿಳಿಸಿದ್ದೇವೆಂದು ಸಾಬೀತು ಮಾಡುವ ಹೊರೆ ಪೊಲೀಸರದ್ದು ಎಂದಿತು. ಆಮೇಲೆ ಆರೋಪಪಟ್ಟಿ ಸಲ್ಲಿಸಿದರೂ ಆ ಲೋಪ ಮುಚ್ಚಿಹೋಗದು. ಆದರೆ ನಮ್ಮಲ್ಲಿ ತುಂಬ ಚರ್ಚೆಯಾದ ದರ್ಶನ್ ಪ್ರಕರಣದಲ್ಲಿ, 2025ರ ಆಗಸ್ಟ್ 14ರಂದು, ಬೇರೆ ಪೀಠ ಬೇರೆ ದಾರಿ ಹಿಡಿಯಿತು: ಲಿಖಿತ ಆಧಾರ ಕೊಡದಿದ್ದುದರಿಂದ ಆರೋಪಿಗೆ ನಿಜವಾಗಿ ತೊಂದರೆಯಾಗಿದೆ ಎಂದು ತೋರಿಸದಿದ್ದರೆ ಅಷ್ಟರಿಂದಲೇ ಬಂಧನ ಅಕ್ರಮವಾಗದು ಎಂದು, ಹೈಕೋರ್ಟ್ ಕೊಟ್ಟಿದ್ದ ಜಾಮೀನು ರದ್ದು ಮಾಡಿತು. ಕೆಳ ನ್ಯಾಯಾಲಯಗಳು ಯಾವುದನ್ನು ಅನುಸರಿಸಬೇಕು ಎಂಬ ಗೊಂದಲ ಸಹಜವೇ.

2025ರ ನವೆಂಬರ್ 6ರ ಮಿಹಿರ್ ರಾಜೇಶ್ ಶಾ ತೀರ್ಪು ಮುಂದಿನ ಬಂಧನಗಳಿಗೆ ಗಡಿ ಹಾಕಿತು. ಅಪರಾಧ ಯಾವುದೇ ಇರಲಿ, ಆಧಾರ ಲಿಖಿತವಾಗಿ, ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಸ್ಥಳದಲ್ಲೇ ಬರೆದುಕೊಡಲಾಗದ ಸಂದರ್ಭವಾದರೆ ಬಾಯಿಮಾತಿನಲ್ಲಿ ತಿಳಿಸಿ, ರಿಮ್ಯಾಂಡ್‌ಗೆ ಹಾಜರುಪಡಿಸುವುದಕ್ಕೆ ಕನಿಷ್ಠ 2 ಗಂಟೆ ಮೊದಲಾದರೂ ಕಾಗದ ಕೊಡಬೇಕು. ತಪ್ಪಿದರೆ ಬಂಧನವೂ ರಿಮ್ಯಾಂಡೂ ಅಕ್ರಮ. ನನ್ನ ಲೆಕ್ಕದಲ್ಲಿ, ಆ ದಿನದ ನಂತರದ ಬಂಧನಗಳಲ್ಲಿ 'ತೊಂದರೆ ಏನಾಯಿತು' ಎಂಬ ಪ್ರಶ್ನೆಗೆ ಹೆಚ್ಚು ಜಾಗ ಉಳಿದಿಲ್ಲ.

ಹೆಚ್ಚು ಎಡವುವುದು ಭಾಷೆಯಲ್ಲಿ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದ ಒಡಿಯಾ ಕಾರ್ಮಿಕನಿಗೆ ಕನ್ನಡದ ಕಾಗದ, ಕನ್ನಡ ಮಾತ್ರ ಓದಬಲ್ಲವರಿಗೆ ಕೇಂದ್ರ ಸಂಸ್ಥೆಯ ಇಂಗ್ಲಿಷ್ ಕಾಗದ. ಎರಡರಲ್ಲೂ ಸಹಿ ಬಿದ್ದಿರುತ್ತದೆ. ಮುಂಜಾಗ್ರತಾ ಬಂಧನದ ಬಗ್ಗೆ 1962ರ ಹರಿಕಿಸನ್ ತೀರ್ಪಿನಿಂದಲೂ ಇದೇ ತತ್ವ: ಅರ್ಥವಾಗದ ಭಾಷೆಯಲ್ಲಿ ಕೊಟ್ಟದ್ದು ಕೊಟ್ಟಂತಲ್ಲ. ಹಾಗಾಗಿ ಸಹಿ ಮಾಡಲೇಬೇಕಾದರೆ ಪಕ್ಕದಲ್ಲಿ ತಾರೀಖು, ಗಂಟೆ ಬರೆಯಿರಿ. ಭಾಷೆ ಬಾರದಿದ್ದರೆ ತಮ್ಮದೇ ಲಿಪಿಯಲ್ಲಿ ಹಾಗೆಂದು ಒಂದು ಸಾಲು. ಬೆಳಗ್ಗೆ 11ಕ್ಕೆ ಹಾಜರುಪಡಿಸಿದವರಿಗೆ ಕಾಗದ ಸಿಕ್ಕಿದ್ದು 10ಕ್ಕೆ ಎಂದು ತೋರಿಸಲು ಆ ಗಂಟೆಯೇ ಸಾಕ್ಷಿ.

ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 47 ಆಧಾರ ತಿಳಿಸುವುದಕ್ಕೆ, ಕಲಂ 48 ಬಂಧುವಿಗೋ ಸ್ನೇಹಿತರಿಗೋ ಸುದ್ದಿ ಮುಟ್ಟಿಸುವುದಕ್ಕೆ. ಒಂದನ್ನು ಮಾಡಿ ಎರಡೂ ಆಯಿತು ಎನ್ನುವಂತಿಲ್ಲ. ಹೆಂಡತಿಗೆ ಫೋನ್ ಮಾಡಿದ್ದು ಗಂಡನಿಗೆ ಆಧಾರ ಕೊಟ್ಟಂತಾಗದು.

ಆಕ್ಷೇಪಣೆಯನ್ನು ಮೊದಲ ರಿಮ್ಯಾಂಡ್ ದಿನವೇ ಎತ್ತಿ; ಬಾಯಲ್ಲಿ ಹೇಳಿ ಬಿಡಬೇಡಿ, ಅರ್ಧ ಪುಟದ ಮೆಮೊ ಸಲ್ಲಿಸಿ, ಕೋರ್ಟಿನ ಆರ್ಡರ್ ಶೀಟಿನಲ್ಲಿ ದಾಖಲಾಯಿತೇ ನೋಡಿ. ಬಿಡುಗಡೆಯಾದರೂ ಪ್ರಕರಣ ಮುಗಿಯಿತು ಎಂದುಕೊಳ್ಳಬಾರದು. ಲಿಖಿತ ಆಧಾರ ಕೊಟ್ಟು, ತಡವಾದದ್ದೇಕೆ ಎಂದು ವಿವರಿಸಿ ಪೊಲೀಸರು ಮತ್ತೆ ಕಸ್ಟಡಿ ಕೇಳಬಹುದು. ಮ್ಯಾಜಿಸ್ಟ್ರೇಟ್ ಸಾಧ್ಯವಾದರೆ ಒಂದು ವಾರದೊಳಗೆ ತೀರ್ಮಾನಿಸಬೇಕು. ಆ ವಾರದಲ್ಲೇ ಜಾಮೀನಿನ ಕಾಗದಪತ್ರ ಸಿದ್ಧ ಮಾಡಿಕೊಳ್ಳಿ.